ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ ಕಮಾಂಡ್ ಲೈನ್‌ಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಅಡಿಕೆ ಧಾರಣೆ, ತಾಲ್ಲೂಕುವಾರು ಮಳೆ, ಲಿಂಗನಮಕ್ಕಿ ಮತ್ತು ಭದ್ರಾ ಜಲಾಶಯಗಳ ನೀರಿನ ಮಟ್ಟ. ನಮ್ಮ ಭಾಗದ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಇಂಥ ವಿಷಯಗಳು ಕೈಗೆಟುಕುವ ಹಾಗಿವೆ. ಊರಿಗೆ ಬೇಕಾದ ಲೆಕ್ಕವನ್ನು ಊರಿನ ಮಕ್ಕಳೇ ಬರೆಯುವುದು ಸಂತೋಷದ ಸಂಗತಿ, ನಿಮ್ಮ ವಿದ್ಯಾರ್ಥಿ ಪುಟ ಅವರ ಬೆನ್ನು ತಟ್ಟುವುದೂ ಸರಿಯೇ. ಆದರೆ ಈ ಪ್ರೋಗ್ರಾಂಗಳ ಪರದೆ, ಬಣ್ಣ, ಗ್ರಾಫ್‌ಗಳಿಗೆ ಸಿಗುವ ಗಮನ ಅವು ಕಮಾಂಡ್ ಲೈನ್‌ನಿಂದ (ಪ್ರೋಗ್ರಾಂ ಓಡಿಸಲು ಟೈಪ್ ಮಾಡುವ ಸಾಲಿನಿಂದ) ಆಪ್ಷನ್ (ಹೇಗೆ ನಡೆಯಬೇಕೆಂಬ ಸೂಚನೆ) ಮತ್ತು ಆರ್ಗ್ಯುಮೆಂಟ್ (ಹೆಸರಿನ ಜೊತೆ ಕೊಡುವ ಪದ) ಪಡೆಯುವ ರೀತಿಗೆ ಸಿಗುವುದಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಈ ಪಾಠ ಸಾಮಾನ್ಯವಾಗಿ ಒಂದೇ ಪ್ರಯೋಗಕ್ಕೆ ಮುಗಿಯುತ್ತದೆ: ಆರ್ಗ್‌ಸಿ (ಬಂದ ಪದಗಳ ಎಣಿಕೆ) ಎಷ್ಟು ಎಂದು ಪ್ರಿಂಟ್ ಮಾಡು, ಆರ್ಗ್‌ವಿ ಎಂಬ ಪಟ್ಟಿಯಲ್ಲಿರುವ ಆ ಪದಗಳನ್ನು ಸಾಲಾಗಿ ಪ್ರಿಂಟ್ ಮಾಡು, ಪುಟ ತಿರುಗಿಸು. ಇದು ಸಾಲದು. ಏಕೆ ಸಾಲದು, ಏನು ಕಲಿಸಬೇಕು, ಮೌಲ್ಯಮಾಪನದ ದಿನ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಬೋಧಕರ ಮತ್ತು ಪ್ರಾಜೆಕ್ಟ್ ಗೈಡ್‌ಗಳ ಮುಂದಿಡಲು ಈ ಪತ್ರ. ಓದಲು ಅನುಕೂಲವಾಗಲೆಂದು ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಲ್ಯಾಬಿನಲ್ಲಿ ಪ್ರೋಗ್ರಾಮಿನ ಎದುರು ಮನುಷ್ಯ ಕೂತಿರುತ್ತಾನೆ. ‘ತಾಲ್ಲೂಕಿನ ಹೆಸರು ಕೊಡಿ’ ಎಂದರೆ ಕೊಡುತ್ತಾನೆ, ತಪ್ಪಿದರೆ ಮತ್ತೆ ಟೈಪ್ ಮಾಡುತ್ತಾನೆ. ಅದೇ ಪ್ರೋಗ್ರಾಂ ನಿಜವಾದ ಕೆಲಸಕ್ಕೆ ಇಳಿದ ಮೇಲೆ ಬೆಳಗಿನ ಜಾವ ಕ್ರಾನ್ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಸೌಲಭ್ಯ) ಅದನ್ನು ಓಡಿಸುತ್ತದೆ. ಅಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ, ಕೀಬೋರ್ಡ್ ಕಡೆಯಿಂದ ಬರುವ ಇನ್‌ಪುಟ್ ಖಾಲಿ. ಪೈಥಾನ್‌ನ ಇನ್‌ಪುಟ್ ಫಂಕ್ಷನ್ ಆಗ ಇಒಎಫ್‌ಎರರ್ (ಇನ್‌ಪುಟ್ ಮುಗಿದಿದೆ ಎಂಬ ದೋಷ) ಎಸೆದು ನಿಲ್ಲುತ್ತದೆ. ಸಿ ಭಾಷೆಯ ಸ್ಕ್ಯಾನ್‌ಎಫ್ ಇನ್ನೂ ಅಪಾಯ: ಇಒಎಫ್ ಎಂದು ಹಿಂದಿರುಗಿಸುತ್ತದೆ, ವೇರಿಯಬಲ್ಲನ್ನು ಮುಟ್ಟುವುದೇ ಇಲ್ಲ. ಹಿಂದಿರುಗಿಸಿದ ಬೆಲೆಯನ್ನು ನೋಡದ ಪ್ರೋಗ್ರಾಂ ಮೆಮೊರಿಯಲ್ಲಿ ಬಿದ್ದಿದ್ದ ಯಾವುದೋ ಸಂಖ್ಯೆಯನ್ನೇ ಮಿಲಿಮೀಟರ್ ಎಂದುಕೊಂಡು ಲೆಕ್ಕ ಮುಗಿಸಿಬಿಡುತ್ತದೆ. ಹಾಗಾಗಿ ಯಾವ ತಾಲ್ಲೂಕು, ಯಾವ ದಿನ, ಫಲಿತಾಂಶ ಎಲ್ಲಿಗೆ ಎಂಬುದೆಲ್ಲ ಓಡಿಸುವ ಸಾಲಿನಲ್ಲೇ ಬರಬೇಕು.

ಮೊದಲು ಗೊತ್ತಿರಬೇಕಾದದ್ದು, ಆ ಸಾಲನ್ನು ಒಡೆಯುವವರು ಯಾರು ಎಂಬುದು. ಲಿನಕ್ಸ್‌ನಲ್ಲಿ ಆ ಕೆಲಸ ಶೆಲ್‌ನದು, ಅಂದರೆ ಟೈಪ್ ಮಾಡಿದ ಕಮಾಂಡ್ ಓದಿ ಪ್ರೋಗ್ರಾಂ ಓಡಿಸುವ ತಂತ್ರಾಂಶದ್ದು. ‘ಮಳೆಲೆಕ್ಕ --ಹೋಬಳಿ ಹೊಳೆಹೊನ್ನೂರು ಜುಲೈ.ಸಿಎಸ್‌ವಿ’ ಎಂದು ಹೊಡೆದರೆ ಪ್ರೋಗ್ರಾಮಿನ ಕೈಗೆ ಸಾಲು ಬರುವುದಿಲ್ಲ, ನಾಲ್ಕು ಬಿಡಿ ಪದಗಳು ಬರುತ್ತವೆ. ಆರ್ಗ್‌ಸಿ 4. ಆರ್ಗ್‌ವಿಯ ಸೊನ್ನೆಯನೇ ಸ್ಥಾನದಲ್ಲಿ ಪ್ರೋಗ್ರಾಮಿನದೇ ಹೆಸರು, 1ರಿಂದ 3ರವರೆಗೆ ಉಳಿದವು, 4ನೇ ಸ್ಥಾನದಲ್ಲಿ ನಲ್ ಪಾಯಿಂಟರ್ (ಪಟ್ಟಿ ಮುಗಿಯಿತೆಂಬ ಗುರುತು). ಉದ್ಧರಣ ಚಿಹ್ನೆಗಳನ್ನು ಶೆಲ್ ತಾನೇ ತೆಗೆದುಬಿಟ್ಟಿರುತ್ತದೆ. ನಕ್ಷತ್ರ ಚಿಹ್ನೆಯನ್ನೂ ಅದೇ ಬಿಡಿಸುತ್ತದೆ: ಫೋಲ್ಡರಿನಲ್ಲಿ ಮೂವತ್ತೊಂದು ಸಿಎಸ್‌ವಿ ಫೈಲ್‌ಗಳಿದ್ದರೆ ಮೂವತ್ತೊಂದು ಹೆಸರುಗಳೇ ಬರುತ್ತವೆ. ಒಂದೂ ಇಲ್ಲದಿದ್ದರೆ ಬ್ಯಾಶ್ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಶೆಲ್) ಸುಮ್ಮನೆ ನಕ್ಷತ್ರ ಸಹಿತ ಪದವನ್ನೇ ದಾಟಿಸುತ್ತದೆ, ಪ್ರೋಗ್ರಾಂ ಆ ಹೆಸರಿನ ಫೈಲ್ ಹುಡುಕಿ ಸೋಲುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಹಾಗಲ್ಲ. ಅಲ್ಲಿ ಇಡೀ ಸಾಲು ಒಂದೇ ತುಂಡಾಗಿ ಬರುತ್ತದೆ, ಒಡೆಯುವುದು ಪ್ರೋಗ್ರಾಮಿನೊಳಗಿನ ರನ್‌ಟೈಮ್ ಲೈಬ್ರರಿ. ನಕ್ಷತ್ರ ಚಿಹ್ನೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬರೆದು ಕಾಲೇಜಿನ ಉಬುಂಟುವಿನಲ್ಲಿ ತೋರಿಸುವವರು ಎರಡೂ ಕಡೆ ಓಡಿಸಿ ನೋಡಬೇಕು.

ಆರ್ಗ್‌ಸಿ ಕನಿಷ್ಠ 1 ಇದ್ದೇ ಇರುತ್ತದೆ ಎಂದು ಪಾಠದಲ್ಲಿ ಹೇಳುವುದುಂಟು. ಶೆಲ್ ಮೂಲಕ ಓಡಿಸಿದಾಗ ನಿಜ, ಆದರೆ ಬೇರೊಂದು ಪ್ರೋಗ್ರಾಂ ಖಾಲಿ ಪಟ್ಟಿ ಕೊಟ್ಟು ಓಡಿಸುವುದಕ್ಕೆ ಲಿನಕ್ಸ್ ಬಹುಕಾಲ ಅವಕಾಶ ಕೊಟ್ಟಿತ್ತು. 2022ರ ಜನವರಿಯಲ್ಲಿ ಬಯಲಾದ, ಸಿವಿಇ-2021-4034 ಸಂಖ್ಯೆಯ ಸುರಕ್ಷತಾ ದೋಷ ಹುಟ್ಟಿದ್ದೇ ಈ ನಂಬಿಕೆಯಿಂದ. ಪಿಕೆಎಕ್ಸೆಕ್ ಎಂಬ ಪ್ರೋಗ್ರಾಂ ಆರ್ಗ್‌ವಿಯನ್ನು 1ನೇ ಸ್ಥಾನದಿಂದ ಓದುತ್ತಿತ್ತು; ಆರ್ಗ್‌ಸಿ ಸೊನ್ನೆಯಾಗಿದ್ದಾಗ ಆ ಜಾಗದಲ್ಲಿ ಇದ್ದದ್ದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಓಡಿಸುವವರು ಜೊತೆಗೆ ಕೊಡುವ ಸೆಟ್ಟಿಂಗ್‌ಗಳು). ಅಷ್ಟನ್ನೇ ಹಿಡಿದು ಸಾಮಾನ್ಯ ಬಳಕೆದಾರ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಬಹುದಿತ್ತು. ಆ ಕೋಡ್ 2009ರಿಂದ ಹೆಚ್ಚುಕಡಿಮೆ ಎಲ್ಲ ಪ್ರಮುಖ ಲಿನಕ್ಸ್ ವಿತರಣೆಗಳಲ್ಲೂ ಇತ್ತು. ಆಪ್ಷನ್ ಓದುವುದು ಮಕ್ಕಳಾಟದ ಕೆಲಸ ಎನ್ನುವವರಿಗೆ ಇದೊಂದು ಉದಾಹರಣೆ ಸಾಕು.

ಇನ್ನು ಸಂಪ್ರದಾಯ. ಒಂದು ಹೈಫನ್ ಮತ್ತು ಒಂದೇ ಅಕ್ಷರ ಸೇರಿದರೆ ಸಣ್ಣ ಆಪ್ಷನ್, ಎರಡು ಹೈಫನ್ ಮತ್ತು ಪೂರ್ತಿ ಪದ ಸೇರಿದರೆ ಉದ್ದ ಆಪ್ಷನ್. ಬೆಲೆ (ಆಪ್ಷನ್ ಜೊತೆ ಕೊಡುವ ಮಾಹಿತಿ, ವ್ಯಾಲ್ಯೂ) ಬೇಡದ ಸಣ್ಣ ಆಪ್ಷನ್‌ಗಳನ್ನು ಒಂದೇ ಹೈಫನ್ ನಂತರ ಕೂಡಿಸಿ ಬರೆಯಬಹುದು. ಬೆಲೆ ಬೇಕಾದ ಆಪ್ಷನ್ ಹಾಗೆ ಕೂಡಿಸಿದ ಗುಂಪಿನ ಕೊನೆಯಲ್ಲೇ ಇರಬೇಕು. ಫೈಲ್‌ಗಳನ್ನು ಒಂದೇ ಆರ್ಕೈವ್ ಆಗಿ ಕಟ್ಟುವ ಟಾರ್ ಕಮಾಂಡಿನಲ್ಲಿ ‘-ಸಿವಿಎಫ್’ ಎಂಬುದನ್ನು ‘-ಸಿಎಫ್‌ವಿ’ ಎಂದು ಬರೆದರೆ ‘ಎಫ್’ಗೆ ಬೆಲೆಯಾಗಿ ‘ವಿ’ ಹೋಗಿ, ‘ವಿ’ ಎಂಬ ಹೆಸರಿನ ಆರ್ಕೈವ್ ಹುಟ್ಟುವುದು ಇದೇ ಕಾರಣಕ್ಕೆ. ಬರಿಯ ಎರಡು ಹೈಫನ್ ಬಂದರೆ ಆಪ್ಷನ್‌ಗಳು ಮುಗಿದವು, ಮುಂದಿನದೆಲ್ಲ ಫೈಲ್ ಹೆಸರು ಅಥವಾ ಇತರ ಆರ್ಗ್ಯುಮೆಂಟ್ ಎಂದರ್ಥ. ಫೈಲ್ ಹೆಸರಿನ ಜಾಗದಲ್ಲಿ ಬರಿಯ ಒಂದು ಹೈಫನ್ ಇದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಅಥವಾ ಔಟ್‌ಪುಟ್ (ಸಾಮಾನ್ಯವಾಗಿ ಕೀಬೋರ್ಡ್ ಮತ್ತು ಪರದೆ). ಸಣ್ಣ ಆಪ್ಷನ್‌ಗಳ ಈ ನಿಯಮಗಳು ಯೂನಿಕ್ಸ್ ಬಳಗದ ಪಾಸಿಕ್ಸ್ ಮಾನಕದಲ್ಲಿ 14 ಮಾರ್ಗಸೂತ್ರಗಳಾಗಿ ಬರೆದಿವೆ. ಉದ್ದ ಆಪ್ಷನ್‌ಗಳನ್ನು ರೂಢಿಗೆ ತಂದದ್ದು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ. ಫೈಂಡ್, ಡಿಡಿ, ಪಿಎಸ್‌ನಂಥ ಹಳೆಯ ಕಮಾಂಡ್‌ಗಳು ತಮ್ಮದೇ ದಾರಿ ಹಿಡಿದಿವೆ, ಅವನ್ನು ಮಾದರಿಯಾಗಿ ತೋರಿಸಬಾರದು.

ಈಗ ವಿದ್ಯಾರ್ಥಿಗಳು ಬರೆಯುವ ರೀತಿಗೆ ಬರೋಣ. ಆರ್ಗ್‌ವಿಯ ಮೇಲೊಂದು ಲೂಪ್, ಒಳಗೆ ಪದಗಳನ್ನು ಹೋಲಿಸುವ ಸ್ಟ್ರ್‌ಕಂಪ್‌ಗಳ ಏಣಿ: ಈ ಪದ ‘-ಓ’ ಆಗಿದ್ದರೆ ಮುಂದಿನ ಪದ ಔಟ್‌ಪುಟ್ ಫೈಲ್, ‘-ಎಂ’ ಆಗಿದ್ದರೆ ಮುಂದಿನದನ್ನು ಪದದಿಂದ ಸಂಖ್ಯೆ ಮಾಡುವ ಎಟಾಯ್‌ಗೆ ಕೊಟ್ಟು ಕನಿಷ್ಠ ಮಳೆ. ನೋಡಲು ಸರಳ. ಸಾಲಿನ ಕೊನೆಯಲ್ಲಿ ‘-ಎಂ’ ಬಂದು ಬೆಲೆ ಬಿಟ್ಟುಹೋದರೆ ಮುಂದಿನ ಸ್ಥಾನದಲ್ಲಿರುವುದು ನಲ್; ಎಟಾಯ್ ಅದನ್ನು ಓದಲು ಹೋದಾಗ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್ ಕೊಟ್ಟು ಬೀಳುತ್ತದೆ. ‘-ಎಂ50’ ಎಂದು ಕೂಡಿಸಿ ಬರೆದರೆ ಏಣಿಯ ಯಾವ ಮೆಟ್ಟಿಲಿಗೂ ಹೊಂದದೆ ಫೈಲ್ ಹೆಸರೆಂದು ಎಣಿಕೆಯಾಗುತ್ತದೆ. ‘--ಕನಿಷ್ಟ’ ಎಂದು ಕಾಗುಣಿತ ತಪ್ಪಿದರೆ ಹೆಚ್ಚಿನ ಏಣಿಗಳು ಅದನ್ನು ಸದ್ದಿಲ್ಲದೆ ದಾಟಿ ಹೋಗುತ್ತವೆ, ಬಳಕೆದಾರ ತಾನು ಕೊಟ್ಟ ಮಿತಿ ಜಾರಿಯಲ್ಲಿದೆ ಎಂದೇ ನಂಬಿರುತ್ತಾನೆ. ಗೊತ್ತಿಲ್ಲದ ಆಪ್ಷನ್ ಕಂಡಾಗ ನಿಲ್ಲದ ಪ್ರೋಗ್ರಾಮಿಗೆ ನಾನಂತೂ ಪೂರ್ತಿ ಅಂಕ ಕೊಡಲು ಒಪ್ಪುವುದಿಲ್ಲ.

ಎಟಾಯ್‌ನ ದೋಷ ಇನ್ನೂ ಆಳ. ‘ಐವತ್ತು’ ಎಂದು ಕೊಟ್ಟರೂ 0, ‘0’ ಎಂದು ಕೊಟ್ಟರೂ 0. ತಪ್ಪಾಯಿತೆಂದು ತಿಳಿಯುವ ದಾರಿಯೇ ಅದರಲ್ಲಿಲ್ಲ. ‘1,819’ ಎಂದು ಲಿಂಗನಮಕ್ಕಿಯ ಪೂರ್ಣ ಮಟ್ಟವನ್ನು ಅಲ್ಪವಿರಾಮ ಹಾಕಿ ಕೊಟ್ಟರೆ ಸಿಗುವುದು 1. ಇದಕ್ಕೆ ಬದಲು ಸ್ಟ್ರ್‌ಟಾಲ್ ಬಳಸಬೇಕು. ಕರೆಯುವ ಮುನ್ನ ಎರ್ರ್‌ನೋ (ದೋಷದ ಸಂಖ್ಯೆ ಇಡುವ ವೇರಿಯಬಲ್) ಸೊನ್ನೆ ಮಾಡಿ, ಎರಡನೇ ಆರ್ಗ್ಯುಮೆಂಟಿನಲ್ಲಿ ಓದು ಎಲ್ಲಿ ನಿಂತಿತು ಎಂಬ ಪಾಯಿಂಟರ್ ಪಡೆದು, ಮೂರನೆಯದಾಗಿ ಸಂಖ್ಯೆಯ ಆಧಾರ 10 ಎಂದು ಕೊಟ್ಟು, ಮೂರು ಪ್ರಶ್ನೆ ಕೇಳಬೇಕು: ಒಂದಾದರೂ ಅಂಕಿ ಓದಿತೇ, ಪದದ ಕೊನೆಯವರೆಗೂ ಹೋಯಿತೇ, ಎರ್ರ್‌ನೋ ಇಆರೇಂಜ್ (ಸಂಖ್ಯೆ ಮಿತಿ ಮೀರಿತು) ಆಯಿತೇ. ಮೂರನೆಯ ಜಾಗದಲ್ಲಿ 10ರ ಬದಲು 0 ಕೊಟ್ಟರೆ ಸೊನ್ನೆಯಿಂದ ಶುರುವಾಗುವ ‘010’ ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಆಗಿ 8 ಆಗುತ್ತದೆ. ಬ್ಯಾಶ್‌ನ ಅಂಕಗಣಿತದಲ್ಲೂ ಇದೇ ಬಲೆ ಇದೆ. ತಿಂಗಳನ್ನು ‘07’ ಎಂದು ಕೊಟ್ಟಾಗ ಜುಲೈವರೆಗೆ ಸರಿಯಾಗಿ ನಡೆದ ಸ್ಕ್ರಿಪ್ಟ್ ಆಗಸ್ಟ್‌ನಲ್ಲಿ ‘08’ ಕಂಡು ದೋಷ ಕೊಡುತ್ತದೆ, ಸೆಪ್ಟೆಂಬರಿನಲ್ಲೂ ಕೊಡುತ್ತದೆ, ಅಕ್ಟೋಬರಿಗೆ ತಾನಾಗಿ ಸರಿಯಾಗುತ್ತದೆ. ಮಳೆಗಾಲದ ನಡುವೆ ಕೈಕೊಡುವ ಇಂಥ ದೋಷವನ್ನು ‘10#’ ಎಂಬ ಪೂರ್ವಪದ ಸೇರಿಸಿ ತಪ್ಪಿಸಬೇಕು.

ಏಣಿಯ ಬದಲಿಗೆ ಬಳಸಬೇಕಾದ್ದು ಆಪ್ಷನ್‌ಗಳನ್ನು ಓದಿಕೊಡುವ ಗೆಟ್‌ಆಪ್ಟ್ ಫಂಕ್ಷನ್. 1985ರಲ್ಲಿ ಡಲ್ಲಾಸ್‌ನ ಯೂನಿಫೋರಂ ಸಮ್ಮೇಳನದಲ್ಲಿ ಎಟಿ ಅಂಡ್ ಟಿ ಅದರ ಕೋಡನ್ನು ಎಲ್ಲರ ಬಳಕೆಗೆ ಬಿಟ್ಟಿತು. ಅಂದಿನಿಂದ ಯೂನಿಕ್ಸ್ ಬಳಗದ ಎಲ್ಲ ಸಿ ಲೈಬ್ರರಿಗಳಲ್ಲೂ ಅದು ಇದೆ. ಬೇಕಾದ ಅಕ್ಷರಗಳನ್ನು ಒಂದು ಸ್ಟ್ರಿಂಗ್‌ನಲ್ಲಿ ಬರೆದುಕೊಡಬೇಕು, ಬೆಲೆ ಬೇಕಾದ ಅಕ್ಷರದ ಮುಂದೆ ಒಂದು ಕೋಲನ್. ‘ವಿ’, ‘ಓ’ ಕೋಲನ್, ‘ಎಂ’ ಕೋಲನ್ ಎಂದು ಬರೆದರೆ ‘ವಿ’ಗೆ ಬೆಲೆಯಿಲ್ಲ, ಉಳಿದೆರಡಕ್ಕೆ ಇದೆ. ಲೂಪಿನಲ್ಲಿ ಕರೆಯುತ್ತಾ ಹೋದಂತೆ ಒಂದೊಂದು ಅಕ್ಷರ ಹಿಂದಿರುಗುತ್ತದೆ, ಬೆಲೆ ಆಪ್ಟ್‌ಆರ್ಗ್‌ನಲ್ಲಿ ಸಿಗುತ್ತದೆ, ಮುಗಿದಾಗ -1 ಬರುತ್ತದೆ, ಆಪ್ಟ್‌ಇಂಡ್‌ನಿಂದ ಮುಂದಕ್ಕೆ ಫೈಲ್ ಹೆಸರುಗಳು. ಸ್ಟ್ರಿಂಗ್‌ನ ಮೊದಲಿಗೇ ಒಂದು ಕೋಲನ್ ಇಟ್ಟರೆ ಬೆಲೆ ಬಿಟ್ಟುಹೋದಾಗ ಕೋಲನ್, ಗೊತ್ತಿಲ್ಲದ ಆಪ್ಷನ್‌ಗೆ ಪ್ರಶ್ನಾರ್ಥಕ ಚಿಹ್ನೆ ಹಿಂದಿರುಗುತ್ತದೆ. ಆಗ ದೋಷದ ಸಂದೇಶವನ್ನು ಕನ್ನಡದಲ್ಲೇ ಬರೆಯಬಹುದು.

ಇಲ್ಲಿ ಒಂದು ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾಲೇಜಿನ ಡೆಸ್ಕ್‌ಟಾಪ್‌ನಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ಗೆಟ್‌ಆಪ್ಟ್ ಅಕ್ಷರ ಹಿಂದಿರುಗಿಸುತ್ತದೆಂದು ಅದನ್ನು ಒಂದೇ ಅಕ್ಷರ ಹಿಡಿಸುವ ಕ್ಯಾರ್ ವೇರಿಯಬಲ್‌ನಲ್ಲಿ ಹಿಡಿಯುವವರಿದ್ದಾರೆ. ಇಂಟೆಲ್, ಎಎಂಡಿ ಯಂತ್ರಗಳ ಲಿನಕ್ಸ್‌ನಲ್ಲಿ ಕ್ಯಾರ್‌ಗೆ ಋಣ ಸಂಖ್ಯೆಯೂ ಹಿಡಿಸುತ್ತದೆ, -1 ಹಾಗೆಯೇ ಉಳಿದು ಲೂಪ್ ನಿಲ್ಲುತ್ತದೆ. ರಾಸ್ಪ್‌ಬೆರಿ ಪೈನಂಥ ಆರ್ಮ್ ಯಂತ್ರಗಳ ಲಿನಕ್ಸ್‌ನಲ್ಲಿ ಕ್ಯಾರ್ 0ಯಿಂದ 255ರವರೆಗೆ ಮಾತ್ರ. -1 ಅಲ್ಲಿ 255 ಆಗುತ್ತದೆ, ಹೋಲಿಕೆ ಎಂದಿಗೂ ಕೂಡಿಬರುವುದಿಲ್ಲ, ಲೂಪ್ ನಿಲ್ಲುವುದೇ ಇಲ್ಲ. ಮಳೆಮಾಪಕಕ್ಕೆ ಪೈ ಬೋರ್ಡ್ ಜೋಡಿಸುವ ಪ್ರಾಜೆಕ್ಟ್‌ಗಳಲ್ಲಿ ‘ಬೋರ್ಡೇ ಹ್ಯಾಂಗ್ ಆಗುತ್ತದೆ’ ಎಂಬ ದೂರಿಗೆ ಪವರ್ ಸಪ್ಲೈ ಬದಲಿಸುವ ಮುನ್ನ ಈ ಸಾಲನ್ನು ನೋಡಿ. ಕ್ಯಾರ್ ಬದಲು ಇಂಟ್ ಎಂದು ಬರೆದರೆ ಮುಗಿಯಿತು.

ಗೆಟ್‌ಆಪ್ಟ್ ಕೂಡ ಎಲ್ಲವನ್ನೂ ಕಾಯುವುದಿಲ್ಲ. ‘-ಓ -ವಿ’ ಎಂದು ಕೊಟ್ಟರೆ ‘-ವಿ’ಯನ್ನೇ ಔಟ್‌ಪುಟ್ ಫೈಲಿನ ಹೆಸರೆಂದು ತೆಗೆದುಕೊಳ್ಳುತ್ತದೆ, ಪೈಥಾನ್‌ನಲ್ಲಿ ಇದೇ ಕೆಲಸದ ಆರ್ಗ್‌ಪಾರ್ಸ್ ಹಾಗೆ ಮಾಡದೆ ಬೆಲೆ ಎಲ್ಲಿ ಎಂದು ಕೇಳುತ್ತದೆ. ಫೈಲ್ ಹೆಸರಿನ ಆಮೇಲೆ ಬಂದ ಆಪ್ಷನ್‌ಗಳ ವಿಚಾರದಲ್ಲೂ ಏಕರೂಪವಿಲ್ಲ: ಗ್ನೂ ಗೆಟ್‌ಆಪ್ಟ್ ಪದಗಳ ಕ್ರಮ ಬದಲಿಸಿ ಅವನ್ನೂ ಹುಡುಕುತ್ತದೆ, ಪಾಸಿಕ್ಸ್ ಪ್ರಕಾರ ಮೊದಲ ಫೈಲ್ ಹೆಸರಿಗೇ ನಿಲ್ಲಬೇಕು, ಗೋ ಭಾಷೆಯ ಫ್ಲ್ಯಾಗ್ ಪ್ಯಾಕೇಜ್ ಕೂಡ ಅಲ್ಲೇ ನಿಲ್ಲುತ್ತದೆ. ಆಪ್ಷನ್‌ಗಳನ್ನು ಮೊದಲು, ಫೈಲ್‌ಗಳನ್ನು ಕೊನೆಗೆ ಬರೆಯುವ ಅಭ್ಯಾಸ ಮಾಡಿಸಿದರೆ ಎಲ್ಲ ಕಡೆಯೂ ಸರಿಹೋಗುತ್ತದೆ.

ಪೈಥಾನ್‌ನಲ್ಲಿ ಬರೆಯುವವರೇ ಈಗ ಹೆಚ್ಚು. ಆರ್ಗ್‌ಪಾರ್ಸ್ 2.7 ಮತ್ತು 3.2 ಆವೃತ್ತಿಗಳಿಂದ ಪೈಥಾನ್ ಜೊತೆಗೇ ಬರುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಹಾಯದ ಪುಟ, ದೋಷದ ಸಂದೇಶ, 2 ಎಂಬ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಸಂಖ್ಯೆ, 0 ಎಂದರೆ ಯಶಸ್ಸು) ಎಲ್ಲವೂ ತಾನಾಗಿ ಸಿಗುತ್ತವೆ. ಆದರೂ ಸಿಸ್.ಆರ್ಗ್‌ವಿಯ 1ನೇ, 2ನೇ ಸ್ಥಾನಗಳನ್ನು ನೇರವಾಗಿ ಓದುವ ಪ್ರಾಜೆಕ್ಟ್‌ಗಳಿವೆ. ಕ್ರಮ ತಪ್ಪಿದರೆ ವರ್ಷ ತಾಲ್ಲೂಕಾಗುತ್ತದೆ. ಆರ್ಗ್‌ಪಾರ್ಸ್ ಬಳಸುವವರು ಎಡವುವ ಮೊದಲ ಜಾಗ, ಟೈಪ್ ಎಂಬಲ್ಲಿ ಬೂಲ್ ಎಂದು ಬರೆಯುವುದು. ಬೂಲ್ ಫಂಕ್ಷನ್‌ಗೆ ಖಾಲಿಯಲ್ಲದ ಯಾವ ಸ್ಟ್ರಿಂಗ್ ಕೊಟ್ಟರೂ ಟ್ರೂ. ಆದ್ದರಿಂದ ‘--ಅಳಿಸು ಫಾಲ್ಸ್’ ಎಂದು ಬರೆದವರ ಹಳೆಯ ಫೈಲ್‌ಗಳೂ ಅಳಿಸಿಹೋಗುತ್ತವೆ. ಹೌದು–ಅಲ್ಲ ಆಪ್ಷನ್‌ಗೆ ಸ್ಟೋರ್‌ಟ್ರೂ ಆಕ್ಷನ್ ಬಳಸಬೇಕು. ಎರಡೂ ರೂಪ ಬೇಕಿದ್ದರೆ 3.9ರಿಂದ ಬೂಲಿಯನ್ ಆಪ್ಷನಲ್ ಆಕ್ಷನ್ ಇದೆ.

ಎರಡನೆಯದು ಫೈಲನ್ನು ತಾನೇ ತೆರೆದುಕೊಡುವ ಫೈಲ್‌ಟೈಪ್. ಔಟ್‌ಪುಟ್ ಆಪ್ಷನ್‌ಗೆ ಬರೆಯುವ ಮೋಡಿನ ಫೈಲ್‌ಟೈಪ್ ಕೊಟ್ಟರೆ ಆರ್ಗ್ಯುಮೆಂಟ್ ಓದುವಾಗಲೇ ಫೈಲ್ ತೆರೆದು ಖಾಲಿಯಾಗುತ್ತದೆ. ಅದರ ಮುಂದಿನ ಆಪ್ಷನ್‌ನಲ್ಲಿ ದಿನಾಂಕ ತಪ್ಪಿದೆ ಎಂದು ಪ್ರೋಗ್ರಾಂ ಸರಿಯಾಗಿಯೇ ನಿಂತರೂ ನಿನ್ನೆಯವರೆಗಿನ ಲೆಕ್ಕ ಹೋಗಿರುತ್ತದೆ. ಹೆಸರನ್ನು ಬರಿಯ ಸ್ಟ್ರಿಂಗ್ ಆಗಿ ತೆಗೆದುಕೊಂಡು, ಎಲ್ಲ ಬೆಲೆಗಳನ್ನೂ ಪರೀಕ್ಷಿಸಿ, ಲೆಕ್ಕ ಮುಗಿದ ಮೇಲೆ ತಾತ್ಕಾಲಿಕ ಫೈಲಿಗೆ ಬರೆದು, ಕೊನೆಯಲ್ಲಿ ಹೆಸರು ಬದಲಿಸುವುದೇ ಸುರಕ್ಷಿತ ಕ್ರಮ. ಔಟ್‌ಪುಟ್‌ ಅನ್ನು ಫೈಲಿಗೆ ತಿರುಗಿಸುವ ಶೆಲ್‌ನ ‘>’ ಚಿಹ್ನೆಗೂ ಈ ಎಚ್ಚರಿಕೆ ಬೇಕು. ಪ್ರೋಗ್ರಾಂ ಶುರುವಾಗುವ ಮುನ್ನವೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ. ಓದುವ ಫೈಲಿಗೇ ಬರೆಯಹೋದರೆ ಓದಲು ಏನೂ ಉಳಿಯುವುದಿಲ್ಲ.

ಉದ್ದ ಆಪ್ಷನ್‌ಗಳನ್ನು ಮೊಟಕು ಮಾಡಿ ಬರೆಯಲು ಗ್ನೂ ಲೈಬ್ರರಿಯೂ ಆರ್ಗ್‌ಪಾರ್ಸ್ ಕೂಡ ಬಿಡುತ್ತವೆ. ‘--ತಾಲ್ಲೂಕು’ ಒಂದೇ ಇದ್ದಾಗ ‘--ತಾ’ ಸಾಕು. ಮುಂದಿನ ವರ್ಷ ಇನ್ನೊಬ್ಬರು ‘--ತಾಪಮಾನ’ ಸೇರಿಸಿದ ದಿನ ಹಳೆಯ ಸ್ಕ್ರಿಪ್ಟ್‌ಗಳೆಲ್ಲ ‘ಯಾವುದು ಎಂದು ಸ್ಪಷ್ಟವಿಲ್ಲ’ ಎಂಬ ದೋಷದಿಂದ ನಿಲ್ಲುತ್ತವೆ. ಆರ್ಗ್‌ಪಾರ್ಸ್‌ನಲ್ಲಿ ಅಲೌ ಅಬ್ರೆವ್ ಎಂಬುದನ್ನು ಫಾಲ್ಸ್ ಮಾಡಿ ಇದನ್ನು ಮುಚ್ಚಬಹುದು, 3.5ರಿಂದ ಆ ಸೌಲಭ್ಯವಿದೆ. ಋಣ ಸಂಖ್ಯೆಗಳ ವಿಚಾರ: ಜಲಾಶಯದ ಮಟ್ಟ ಇಳಿದಾಗ ವ್ಯತ್ಯಾಸ -0.4 ಅಡಿ ಎಂದು ಕೊಡಬೇಕಾಗುತ್ತದೆ, ಹೈಫನ್ ಕಂಡು ಅದು ಆಪ್ಷನ್ ಇರಬಹುದೇ ಎಂಬ ಗೊಂದಲ ಹುಟ್ಟುತ್ತದೆ. ಆರ್ಗ್‌ಪಾರ್ಸ್ ಸರಳ ಋಣ ಸಂಖ್ಯೆಗಳನ್ನು ಗುರುತಿಸುತ್ತದೆ, ‘-1’ರಂಥ ಆಪ್ಷನ್ ನೀವೇ ಇಟ್ಟಿದ್ದರೆ ಗುರುತಿಸುವುದಿಲ್ಲ. ‘--ವ್ಯತ್ಯಾಸ=-0.4’ ಎಂದು ಸಮ ಚಿಹ್ನೆ ಹಾಕಿ ಬರೆದರೆ ಅನುಮಾನಕ್ಕೆ ಎಡೆಯಿಲ್ಲ.

ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಕೆಲವೇ ಮಾತು. ಬಂದ ಆರ್ಗ್ಯುಮೆಂಟ್‌ಗಳನ್ನು ಮುಂದಿನ ಪ್ರೋಗ್ರಾಮಿಗೆ ದಾಟಿಸುವಾಗ ಡಾಲರ್–ಆಟ್ ಚಿಹ್ನೆಯನ್ನು ಜೋಡಿ ಉದ್ಧರಣದೊಳಗೇ ಬರೆಯಬೇಕು, ಇಲ್ಲದಿದ್ದರೆ ‘ಜುಲೈ ಮಳೆ.ಸಿಎಸ್‌ವಿ’ ಎರಡು ಫೈಲ್‌ಗಳಾಗಿ ಒಡೆಯುತ್ತದೆ. ಫೋಲ್ಡರಿನ ಹೆಸರು ಆಪ್ಷನ್‌ನಿಂದ ಬರುವುದಾದರೆ, ಅದು ಖಾಲಿ ಇದ್ದಾಗ ಅಳಿಸುವ ಸಾಲು ರೂಟ್ ಫೋಲ್ಡರಿನ ಮೇಲೆ ಹೋಗದಂತೆ ಮೊದಲೇ ತಡೆಯಬೇಕು. ಹೈಫನ್‌ನಿಂದ ಶುರುವಾಗುವ ಫೈಲ್ ಹೆಸರುಗಳಿಗೂ ಕಾವಲು ಬೇಕು. ‘-ಆರ್‌ಎಫ್’ ಎಂಬ ಹೆಸರಿನ ಫೈಲ್ ಇರುವ ಫೋಲ್ಡರಿನಲ್ಲಿ ‘ಆರ್‌ಎಂ’ ಮುಂದೆ ಬರಿಯ ನಕ್ಷತ್ರ ಹಾಕಿದರೆ ಆ ಹೆಸರು ಆಪ್ಷನ್ ಆಗಿ ಓದಿಸಿಕೊಂಡು ಒಳಫೋಲ್ಡರ್‌ಗಳೂ ಅಳಿಯುತ್ತವೆ. ನಕ್ಷತ್ರದ ಹಿಂದೆ ‘./’ ಸೇರಿಸುವುದು, ಅಥವಾ ಎರಡು ಹೈಫನ್ ಇಡುವುದು ಇದಕ್ಕೆ ಪರಿಹಾರ. ಕ್ರಾನ್‌ನ ಕೆಲಸಗಳನ್ನು ಬರೆದಿಡುವ ಕ್ರಾನ್‌ಟ್ಯಾಬ್‌ನಲ್ಲಿ ಇನ್ನೊಂದು ವಿಶೇಷವಿದೆ: ಅಲ್ಲಿ ಶೇಕಡಾ ಚಿಹ್ನೆ ಹೊಸ ಸಾಲಾಗಿಬಿಡುತ್ತದೆ. ಟರ್ಮಿನಲ್‌ನಲ್ಲಿ ಸರಿಯಿದ್ದ ದಿನಾಂಕದ ಫಾರ್ಮ್ಯಾಟ್ ಕ್ರಾನ್‌ನಲ್ಲಿ ಅರ್ಧಕ್ಕೆ ತುಂಡಾದರೆ ಪ್ರತಿ ಶೇಕಡಾ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ.

ಪಾಸ್‌ವರ್ಡನ್ನು ಆಪ್ಷನ್ ಆಗಿ ಕೇಳಲೇಬಾರದು. ಲಿನಕ್ಸ್‌ನಲ್ಲಿ ‘ಪಿಎಸ್’ ಹೊಡೆದ ಯಾವ ಬಳಕೆದಾರನಿಗೂ ಸಾಮಾನ್ಯವಾಗಿ ಇಡೀ ಸಾಲು ಕಾಣುತ್ತದೆ, ಶೆಲ್ ಹಿಸ್ಟರಿಯಲ್ಲೂ ಉಳಿಯುತ್ತದೆ. ಮಾಲೀಕನಿಗೆ ಮಾತ್ರ ಓದುವ ಅನುಮತಿಯಿರುವ ಫೈಲಿನ ಹೆಸರನ್ನು ಕೇಳಿ.

ಕನ್ನಡದ ಬೆಲೆಗಳಿಗೇ ಸಂಬಂಧಿಸಿದ ತೊಡಕುಗಳನ್ನು ಇಂಗ್ಲಿಷ್ ಪುಸ್ತಕಗಳು ಹೇಳುವುದಿಲ್ಲ, ಹಾಗಾಗಿ ತುಸು ವಿವರವಾಗಿ ಬರೆಯುತ್ತೇನೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡ್‌ನಲ್ಲಿ ಸಂಖ್ಯೆ ಪಡೆದ ಅಕ್ಷರ ಅಥವಾ ಚಿಹ್ನೆ) 3 ಬೈಟ್. ಗೆಟ್‌ಆಪ್ಟ್ ಸಣ್ಣ ಆಪ್ಷನ್‌ಗಳನ್ನು ಬೈಟ್ ಲೆಕ್ಕದಲ್ಲಿ ಓದುವುದರಿಂದ ಕನ್ನಡ ಅಕ್ಷರದ ಸಣ್ಣ ಆಪ್ಷನ್ ಅಲ್ಲಿ ಸಾಧ್ಯವಿಲ್ಲ. ಉದ್ದ ಆಪ್ಷನ್ ಸಾಧ್ಯ, ಆರ್ಗ್‌ಪಾರ್ಸ್‌ನಲ್ಲಿ ಎರಡೂ ಸಾಧ್ಯ. ‘ಸೊರಬ’ ಎಂಬ ಪದದ ಒತ್ವವನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಇಡಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ಮೊದಲನೆಯದು 12 ಬೈಟ್, ಎರಡನೆಯದು 15. ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಹೊಸನಗರ, ಶಿವಮೊಗ್ಗಕ್ಕೂ ಇದೇ ಕಥೆ. ತೀರ್ಥಹಳ್ಳಿಯ ದೀರ್ಘಕ್ಕೂ ಎರಡು ರೂಪಗಳಿವೆ. ಬಂದ ಪದವನ್ನೂ ಪಟ್ಟಿಯ ಪದವನ್ನೂ ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಪ್ರಮಾಣಿತ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು. ಅದಾದ ಮೇಲೂ ಒಂದು ಉಳಿಯುತ್ತದೆ. ‘ಹುಲಿಕಲ್‌ನಲ್ಲಿ’ ಎಂಬಲ್ಲಿಂದ ‘ಹುಲಿಕಲ್’ ಭಾಗವನ್ನಷ್ಟೇ ಕಾಪಿ ಮಾಡಿದರೆ ಲಕಾರದ ನಂತರವೇ ಕಣ್ಣಿಗೆ ಕಾಣದ ಶೂನ್ಯ ಅಗಲದ ವಿಭಜಕವೊಂದು ಅಂಟಿಕೊಂಡು ಬರಬಹುದು. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಪೈಥಾನ್‌ನ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ಪದದ ಕೊನೆಯಲ್ಲಿ ಇದ್ದರೆ ನಾವೇ ಕಿತ್ತುಹಾಕಬೇಕು. ಕನ್ನಡ ಅಂಕಿಗಳ ವಿಷಯದಲ್ಲೂ ಭಾಷೆಗಳು ಬೇರೆ ಬೇರೆ: ‘೧೮೧೯’ ಎಂದು ಕೊಟ್ಟರೆ ಪೈಥಾನ್‌ನ ಇಂಟ್ ಅದನ್ನು 1819 ಎಂದೇ ಓದುತ್ತದೆ, ಸಿ ಭಾಷೆಯ ಎಟಾಯ್ 0 ಎನ್ನುತ್ತದೆ. ವಿಂಡೋಸ್‌ನಲ್ಲಿ ಸಿ ಪ್ರೋಗ್ರಾಮಿನ ಸಾಮಾನ್ಯ ಮೇನ್ ಫಂಕ್ಷನ್‌ಗೆ ಕನ್ನಡ ಪದಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತಲುಪುವುದೇ ಹೆಚ್ಚು. ಅಲ್ಲಿ ಡಬ್ಲ್ಯುಮೇನ್ ಬಳಸಬೇಕು.

ಸಂದೇಶಗಳ ಬಗ್ಗೆ ಚುಟುಕಾಗಿ. ಕೇಳಿ ಪಡೆದ ಸಹಾಯದ ಪುಟ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಎಕ್ಸಿಟ್ ಕೋಡ್ 0. ತಪ್ಪು ಬಳಕೆಯ ಸಂದೇಶ ಸ್ಟ್ಯಾಂಡರ್ಡ್ ಎರರ್‌ಗೆ, ಕೋಡ್ ಸೊನ್ನೆಯಲ್ಲದ್ದು. ತಪ್ಪನ್ನೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಬರೆದರೆ ಅದು ಸಿಎಸ್‌ವಿ ಫೈಲಿನೊಳಗೆ ಒಂದು ಸಾಲಾಗಿ ಕೂತುಬಿಡುತ್ತದೆ, ಕೋಡ್ 0 ಆಗಿದ್ದರೆ ಮುಂದಿನ ಹಂತದ ಸ್ಕ್ರಿಪ್ಟ್ ಎಲ್ಲ ಸರಿಯಿದೆ ಎಂದುಕೊಂಡು ಆ ಫೈಲನ್ನು ಬಳಸುತ್ತದೆ. ‘ತಪ್ಪು ಇನ್‌ಪುಟ್’ ಎಂದಷ್ಟೇ ಬರೆಯದೆ ಯಾವ ಆಪ್ಷನ್, ಬಂದ ಬೆಲೆ ಏನು, ಬೇಕಿದ್ದದ್ದು ಏನು ಎಂಬ ಮೂರನ್ನೂ ಬರೆಯಬೇಕು.

ಪ್ರಾಜೆಕ್ಟ್ ಗೈಡ್‌ಗಳಲ್ಲಿ ನನ್ನ ಕೋರಿಕೆ ಇಷ್ಟು. ಸ್ಲೈಡ್‌ಗಳನ್ನು ನೋಡುವ ಮುನ್ನ ಹತ್ತು ನಿಮಿಷ ಟರ್ಮಿನಲ್ ತೆರೆಸಿ. ಏನೂ ಕೊಡದೆ ಓಡಿಸಿ. ‘--ಹೆಲ್ಪ್’ ಕೊಟ್ಟು ನೋಡಿ. ಇಲ್ಲದ ಆಪ್ಷನ್ ಕೊಡಿ, ಇರುವ ಆಪ್ಷನ್ ಕೊಟ್ಟು ಅದರ ಬೆಲೆ ಬಿಡಿ. ಸಂಖ್ಯೆಯ ಜಾಗದಲ್ಲಿ ಅಕ್ಷರ, ಕನ್ನಡ ಅಂಕಿ, ಋಣ ಸಂಖ್ಯೆ ಕೊಡಿ. ಒಂದೇ ಆಪ್ಷನ್ ಎರಡು ಸಲ ಕೊಟ್ಟು ಯಾವುದು ಗೆಲ್ಲುತ್ತದೆ, ಅದು ಸಹಾಯದ ಪುಟದಲ್ಲಿ ಬರೆದಿದೆಯೇ ನೋಡಿ. ಹೆಸರಿನಲ್ಲಿ ಖಾಲಿ ಜಾಗವಿರುವ ಒಂದು ಫೈಲ್, ಹೈಫನ್‌ನಿಂದ ಶುರುವಾಗುವ ಒಂದು ಫೈಲ್ ಕೊಡಿ. ಪ್ರತಿ ಸಲವೂ ‘ಎಕೋ ಡಾಲರ್ ಪ್ರಶ್ನಾರ್ಥಕ ಚಿಹ್ನೆ’ ಹೊಡೆಸಿ ಎಕ್ಸಿಟ್ ಕೋಡ್ ಓದಿಸಿ. ಇಷ್ಟಕ್ಕೆ ನೂರರಲ್ಲಿ ಹತ್ತು ಅಂಕ ಮೀಸಲಿಟ್ಟರೂ ಮುಂದಿನ ತಂಡ ಇದನ್ನು ಮನೆಯಲ್ಲೇ ಪರೀಕ್ಷಿಸಿಕೊಂಡು ಬರುತ್ತದೆ.

ಸಂಪಾದಕರಲ್ಲಿಯೂ, ಲ್ಯಾಬ್ ಮ್ಯಾನ್ಯುಯಲ್ ಮುದ್ರಿಸುವವರಲ್ಲಿಯೂ ಒಂದು ವಿನಂತಿ ಇದೆ. ವರ್ಡ್‌ನಂಥ ತಂತ್ರಾಂಶಗಳು ಎರಡು ಹೈಫನ್‌ಗಳನ್ನು ತಾವಾಗಿ ಒಂದು ಉದ್ದ ಗೆರೆಯಾಗಿ ಮಾಡುತ್ತವೆ, ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದವಾಗಿ ಮಾಡುತ್ತವೆ. ಆ ಉದ್ದ ಗೆರೆ ಯುಟಿಎಫ್-8ರಲ್ಲಿ 3 ಬೈಟ್‌ಗಳ ಬೇರೆಯದೇ ಅಕ್ಷರ. ಗೆಟ್‌ಆಪ್ಟ್‌ಗೂ ಆರ್ಗ್‌ಪಾರ್ಸ್‌ಗೂ ಅದು ಆಪ್ಷನ್ ಅಲ್ಲ, ಫೈಲ್ ಹೆಸರು. ಬಾಗಿದ ಉದ್ಧರಣವನ್ನು ಶೆಲ್ ಉದ್ಧರಣವೆಂದು ಒಪ್ಪುವುದಿಲ್ಲ, ಪದಗಳನ್ನು ಖಾಲಿ ಜಾಗದಲ್ಲೇ ಒಡೆಯುತ್ತದೆ. ಪುಸ್ತಕದಲ್ಲಿ ಇದ್ದ ಹಾಗೆಯೇ ಹೊಡೆದೆ, ಬರುತ್ತಿಲ್ಲ ಎಂದು ವಿದ್ಯಾರ್ಥಿ ಹೇಳಿದರೆ ಅವನ ಮಾತು ನಿಜವೇ. ಕಮಾಂಡ್‌ಗಳಿರುವ ಪುಟಗಳಿಗೆ ಆಟೊಕರೆಕ್ಟ್ ಆಫ್ ಮಾಡಿ, ಸಮಾನ ಅಗಲದ ಫಾಂಟಿನಲ್ಲಿ ಅಚ್ಚು ಹಾಕಿಸಿ, ಎರಡು ಹೈಫನ್‌ಗಳ ನಡುವಿನ ಸಂದು ಕಾಣುತ್ತದೆಯೇ ಎಂದು ಪ್ರೂಫ್‌ನಲ್ಲಿ ನೋಡಿಸಿ.

ಇತಿ,
ಪ್ರೋಗ್ರಾಮಿಂಗ್ ಉಪನ್ಯಾಸಕ,
ಸಾಗರ, ಶಿವಮೊಗ್ಗ ಜಿಲ್ಲೆ